ಬೀಡಿ ಬಿಡಿಸುವ ಚಿಕಿತ್ಸೆ: ಕೂಲಿಯವರ ದಿನಚರಿಗೆ ಹೊಂದಿಸುವ ಕ್ರಮ

ಬೀಡಿ ಬಿಡಬೇಕೆಂಬ ಮನಸ್ಸು ಗಾರೆ ಕೆಲಸದವರಿಗೆ, ಲೋಡಿಂಗ್ ಮಾಡುವವರಿಗೆ, ಪೌರಕಾರ್ಮಿಕರಿಗೆ ಬೇರೆಯವರಿಗಿಂತ ಕಡಿಮೆಯೇನಿಲ್ಲ. ಆದರೆ ಶುರು ಮಾಡಿದವರು ದಡ ಮುಟ್ಟುವುದು ಕಡಿಮೆ. ಇದನ್ನು ಮನೋಬಲದ ಕೊರತೆ ಎಂದು ಕೇಸ್ ಶೀಟಿನಲ್ಲಿ ಬರೆದು ಮುಗಿಸುವುದು ಅನ್ಯಾಯ. ಆಸ್ಪತ್ರೆಯ ಒಪಿಡಿ (ಹೊರರೋಗಿ ವಿಭಾಗ) ನಡೆಯುವುದು ಅವರ ಕೂಲಿಯ ಹೊತ್ತಿನಲ್ಲಿ. ಬೀಡಿಯ ಚಪಲ ತಗ್ಗಿಸಲು ಅಗಿಯುವ ನಿಕೋಟಿನ್ ಗಮ್ ಸಿಕ್ಕರೂ ನಾಲ್ಕು ದಿನಕ್ಕೂ ಸಾಲದು. ಸಾಲದ್ದಕ್ಕೆ ಸುತ್ತಲಿನವರೆಲ್ಲ ಸೇದುವವರೇ. ಬೆಂಗಳೂರಿನ ಕಾರ್ಮಿಕರ ಶೆಡ್‌ಗಳಲ್ಲಿ ನಾವು ಪಾಲಿಸುವ ಕ್ರಮ ಈ ಮೂರು ತೊಡಕುಗಳನ್ನು ಎದುರಿಗಿಟ್ಟುಕೊಂಡೇ ರೂಪುಗೊಂಡದ್ದು.

ಮೊದಲು ಲೆಕ್ಕ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ದೇಶದಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ಆದರೂ ಔಷಧಿಯ ಸೂಚನೆಗಳೆಲ್ಲ ಸಿಗರೇಟಿನ ಲೆಕ್ಕದಲ್ಲೇ ಇವೆ. ಬೀಡಿಯಲ್ಲಿ ತಂಬಾಕು ಕಡಿಮೆ, ಹಾಗಂತ ನಿಕೋಟಿನ್ ಕಡಿಮೆಯಲ್ಲ. ಬೀಡಿ ಸುತ್ತುವ ತೂಪ್ರದ ಎಲೆ ಸರಾಗ ಉರಿಯುವುದಿಲ್ಲ, ಆರದಿರಲು ಮತ್ತೆ ಮತ್ತೆ ಜೋರಾಗಿ ದಮ್ಮು ಎಳೆಯಬೇಕು. "ದಿನಕ್ಕೆ ಎಷ್ಟು ಸೇದ್ತೀರಿ?" ಎಂದು ಕೇಳಿದರೆ "ನಾಲ್ಕೈದು" ಎನ್ನುತ್ತಾರೆ. ಸುಳ್ಳಲ್ಲ. ಆರಿದ ಅರ್ಧ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಮತ್ತೆ ಹಚ್ಚುವವರಿಗೆ ಎಣಿಕೆಯೇ ಸಿಗುವುದಿಲ್ಲ. ಹಾಗಾಗಿ ನಾವು ಕೇಳುವುದು: "ಅಣ್ಣಾ, ಒಂದು ಕಟ್ಟು ಎಷ್ಟು ದಿನ ಬರುತ್ತೆ? ಕಡ್ಡಿಪೆಟ್ಟಿಗೆ ಎಷ್ಟು ದಿನಕ್ಕೊಂದು? ಎದ್ದ ಮೇಲೆ ಮೊದಲನೇದು ಮುಖ ತೊಳೆಯೋಕೆ ಮುಂಚೆನಾ, ಆಮೇಲಾ?" ಎದ್ದು ಅರ್ಧ ಗಂಟೆಯೊಳಗೆ ಹಚ್ಚುವವರಿಗೆ 4 ಮಿ.ಗ್ರಾಂ. ಗಮ್ ಬೇಕು, ಅದಕ್ಕೆ ವೈದ್ಯರ ಚೀಟಿ ಬೇಕು. ಮಿಕ್ಕವರಿಗೆ 2 ಮಿ.ಗ್ರಾಂ. ಸಾಕು. ಜೊತೆಗೆ ಹೊಗೆಸೊಪ್ಪು, ಖೈನಿ, ಗುಟ್ಕಾ ಇದೆಯೇ ಎಂದು ಕೇಳಲೇಬೇಕು. ಕೇಳದಿದ್ದರೆ ಬೀಡಿ ಬಿಟ್ಟ ವಾರದಲ್ಲೇ ತುಟಿಯೊಳಗೆ ಖೈನಿ ಕೂತಿರುತ್ತದೆ.

ಚಿಕಿತ್ಸೆ ಸೋಲುವುದು ಬಹುಪಾಲು ಡೋಸಿನಲ್ಲೇ. ಮೊದಲ ಆರು ವಾರ ಗಂಟೆ ಎರಡು ಗಂಟೆಗೊಂದರಂತೆ ದಿನಕ್ಕೆ ಕನಿಷ್ಠ 9 ಗಮ್ ಬೇಕು, ಗರಿಷ್ಠ 24. ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು, ಒಟ್ಟು 12 ವಾರ. ಶುರುವಿನ ವಾರಗಳಲ್ಲಿ ದಿನಕ್ಕೆ 9 ಎಂದರೂ ಹತ್ತರ ಸ್ಟ್ರಿಪ್ ವಾರಕ್ಕೆ 7 ಬೇಕು. ಒಂದು ಗಮ್ಮಿನ ದುಡ್ಡಿಗೆ ಹಲವು ಬೀಡಿ ಬರುತ್ತವೆ. ಸ್ವಂತ ದುಡ್ಡಿನಲ್ಲಿ ಕೊಳ್ಳುವವರು ದಿನಕ್ಕೆ ಮೂರಕ್ಕೆ ಇಳಿಸಿ "ಗಮ್ಮಿಂದ ಏನೂ ಆಗಲಿಲ್ಲ" ಎನ್ನುತ್ತಾರೆ. ನಿಜಕ್ಕೂ ಆ ಡೋಸಿಗೆ ಏನೂ ಆಗುವುದಿಲ್ಲ. ನಿಕೋಟಿನ್ ಬದಲಿ ಚಿಕಿತ್ಸೆ (ಗಮ್, ಪ್ಯಾಚ್‌ನಂಥವು) 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಹಾಕುವಾಗ ಅದನ್ನು ಉಲ್ಲೇಖಿಸಿ. ಸ್ಟಾಕ್ ಕಡಿಮೆಯಿದ್ದರೆ ಎಲ್ಲರಿಗೂ ಚೂರುಪಾರು ಹಂಚುವ ಬದಲು, ಶುರು ಮಾಡಿದವರಿಗೆ ಮೊದಲ ನಾಲ್ಕು ವಾರದ ಪೂರ್ತಿ ಡೋಸ್ ಎತ್ತಿಟ್ಟು ಆಮೇಲೆ ಹೊಸಬರನ್ನು ಸೇರಿಸಿಕೊಳ್ಳುವುದು ನಮ್ಮ ಪದ್ಧತಿ. ಇದನ್ನು ಒಪ್ಪದವರಿದ್ದಾರೆ. ಆದರೆ ಅರೆಡೋಸಿನಲ್ಲಿ ಸೋತವರನ್ನು ಮತ್ತೆ ಒಪ್ಪಿಸುವುದು ಬಹಳ ಕಷ್ಟ.

ಗಮ್ ಅಗಿಯುವುದನ್ನು ಬಾಯಲ್ಲಿ ಹೇಳಿದರೆ ಸಾಲದು, ಎದುರಿಗೇ ಹಾಕಿಸಬೇಕು. ಎಂಟು ಹತ್ತು ಸಲ ನಿಧಾನ ಅಗಿದಾಗ ಬಾಯಲ್ಲಿ ಖಾರ, ಚುರುಗುಟ್ಟುವ ಅನುಭವ ಬರುತ್ತದೆ. ಅಲ್ಲಿಗೆ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಬಬಲ್‌ಗಮ್ಮಿನಂತೆ ಅಗಿದು ಎಂಜಲು ನುಂಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಬರುತ್ತದೆ, ಚಪಲ ಮಾತ್ರ ಹಾಗೇ ಉಳಿಯುತ್ತದೆ. ಇನ್ನು ಟೀ. ಬೀಡಿಗೆ ಟೀ ಜೋಡಿ, ಅದರ ಜಾಗಕ್ಕೆ ಗಮ್ ಬಂದಾಗಲೂ ಟೀ ಜೊತೆಗೇ ಹಾಕಿಕೊಳ್ಳುತ್ತಾರೆ. ಬಾಯಲ್ಲಿ ಹುಳಿಯಂಶ ಇದ್ದರೆ ನಿಕೋಟಿನ್ ಕೆನ್ನೆಯಿಂದ ರಕ್ತಕ್ಕೆ ಸೇರುವುದಿಲ್ಲ. ಟೀ, ಕಾಫಿ, ಸೋಡಾ ಕುಡಿದರೆ ಬಾಯಿ ಮುಕ್ಕಳಿಸಿ ಕಾಲು ಗಂಟೆ ಬಿಟ್ಟು ಗಮ್ ಹಾಕಬೇಕು. ಮೇಸ್ತ್ರಿ ಕೊಡುವ ಟೀ ಬ್ರೇಕೇ ಹತ್ತು ನಿಮಿಷ ಇದ್ದಾಗ ಇದು ಆಗದ ಮಾತು. ಅದಕ್ಕೇ ಬ್ರೇಕಿಗೆ ಮುಕ್ಕಾಲು ಗಂಟೆ ಮುಂಚೆ, ಕೆಲಸ ಮಾಡುತ್ತಲೇ ಗಮ್ ಹಾಕಿಸುತ್ತೇವೆ. ಟೀ ಬರುವಷ್ಟರಲ್ಲಿ ಗಮ್ ಮುಗಿದಿರುತ್ತದೆ, ಚಪಲವೂ ತಗ್ಗಿರುತ್ತದೆ.

ಹಲ್ಲು ಅಲುಗಾಡುವವರಿಗೆ, ಗುಟ್ಕಾ ತಿಂದು ಬಾಯಿ ಪೂರ್ತಿ ತೆರೆಯಲಾಗದವರಿಗೆ ಗಮ್ ಆಗದು, ಚೀಪುವ ನಿಕೋಟಿನ್ ಲಾಜೆಂಜ್ ಅಥವಾ ಮೈಗೆ ಅಂಟಿಸುವ ನಿಕೋಟಿನ್ ಪ್ಯಾಚ್ ಕೊಡಬೇಕು. ಪ್ಯಾಚ್ ಜೊತೆಗೆ ಗಮ್ ಕೊಟ್ಟರೆ ಒಂದೇ ಕೊಡುವುದಕ್ಕಿಂತ ಫಲ ಹೆಚ್ಚು. ಆದರೆ ಬಿಸಿಲಲ್ಲಿ ಮೂಟೆ ಹೊರುವವರ ಮೈಮೇಲೆ ಪ್ಯಾಚ್ ಮಧ್ಯಾಹ್ನಕ್ಕೇ ಕಿತ್ತು ಬರುತ್ತದೆ. ಎಣ್ಣೆ, ಸೋಪಿನ ಅಂಶ ಇಲ್ಲದಂತೆ ಒಣಬಟ್ಟೆಯಲ್ಲಿ ಒರೆಸಿ, ಕೂದಲಿಲ್ಲದ ಮೇಲ್ತೋಳಿಗೆ ಅಂಟಿಸಿ ಹತ್ತು ಸೆಕೆಂಡ್ ಅಂಗೈಯಲ್ಲಿ ಒತ್ತಿ ಹಿಡಿಯಬೇಕು. ಮೂಟೆ ಕೂರುವ ಹೆಗಲಿಗೆ ಬೇಡ. ದಿನಕ್ಕೊಂದು ಜಾಗ ಬದಲಿಸಿದರೆ ತುರಿಕೆ ಕಡಿಮೆ. ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆಯಲಿ.

ತಂಬಾಕು ಬಿಡಿಸಲು ಕೊಡುವ, ನಿಕೋಟಿನ್ ಇಲ್ಲದ ಬುಪ್ರೊಪಿಯಾನ್ ಗುಳಿಗೆ ಅಗ್ಗ, ಹಾಗಂತ ಎಲ್ಲರಿಗೂ ಬರೆಯಬಾರದು. ಫಿಟ್ಸ್ ಬಂದವರಿಗೆ, ದಿನವೂ ಕುಡಿದು ಈಗ ಏಕಾಏಕಿ ನಿಲ್ಲಿಸುತ್ತಿರುವವರಿಗೆ ಕೂಡದು.

ಬಿಡುವ ದಿನ ಯಾವುದಿರಬೇಕು ಎಂಬುದಕ್ಕೆ ನಾವು ಬಹಳ ತಲೆ ಕೆಡಿಸಿಕೊಳ್ಳುತ್ತೇವೆ. ಶನಿವಾರ ಬಟವಾಡೆ, ಅವತ್ತು ಸಂಜೆ ಎಣ್ಣೆ. ಬಿಟ್ಟವರು ಮತ್ತೆ ಹಚ್ಚುವುದು ಬಹುಪಾಲು ಆ ಹೊತ್ತಿಗೇ. ಭಾನುವಾರ ಕೆಲಸವಿಲ್ಲ, ಶೆಡ್ಡಿನಲ್ಲಿ ಎಲೆ ಆಡುವವರ ನಡುವೆ ಕೂರಬೇಕು. ಆದ್ದರಿಂದ ಸೋಮವಾರ ಬೆಳಿಗ್ಗೆಯಿಂದ ಶುರು. ಮೊದಲ ಬಟವಾಡೆ ಬರುವಷ್ಟರಲ್ಲಿ ಐದು ದಿನದ ಗಮ್ ಅಭ್ಯಾಸ ಆಗಿರುತ್ತದೆ. ಆ ವಾರವಾದರೂ ಕುಡಿಯುವುದು ಬೇಡವೆಂದು ನೇರವಾಗಿಯೇ ಕೇಳಿಕೊಳ್ಳುತ್ತೇವೆ.

"ಬೀಡಿ ಸೇದದೆ ಹೊಟ್ಟೆ ಸರಾಗ ಆಗಲ್ಲ ಸಾರ್" ಎಂಬ ಮಾತನ್ನು ನೆಪ ಎಂದು ತಳ್ಳಿಹಾಕಬೇಡಿ. ನಿಕೋಟಿನ್ ಕರುಳನ್ನು ಚುರುಕಾಗಿಸುವುದು ನಿಜ, ಬಿಟ್ಟಾಗ ಮಲಬದ್ಧತೆ ಬರುವುದೂ ನಿಜ. ಎದ್ದ ತಕ್ಷಣ ಎರಡು ಲೋಟ ಬಿಸಿನೀರು, ರಾತ್ರಿ ಬಾಳೆಹಣ್ಣು, ಊಟಕ್ಕೆ ಸೊಪ್ಪು ಎಂದು ಮೊದಲೇ ಹೇಳಿಡಬೇಕು. ಹಸಿವೂ ಹಾಗೆಯೇ. ಮಧ್ಯಾಹ್ನದ ಊಟ ತಡವಾದಾಗ ಹೊಟ್ಟೆ ಮರೆಸುತ್ತಿದ್ದುದು ಬೀಡಿ. ಅಂಗಿ ಜೇಬಲ್ಲಿ ಬೀಡಿ ಇದ್ದ ಜಾಗಕ್ಕೆ ಹುರಿಗಡಲೆ ಪೊಟ್ಟಣ ಬರಬೇಕು. ಸಿಡುಕು, ನಿದ್ದೆಗೇಡು ಮೊದಲ ವಾರ ಜೋರಿದ್ದು ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಇದನ್ನು ಮನೆಯವರಿಗೂ ತಿಳಿಸಬೇಕು.

ಮೇಸ್ತ್ರಿಯ ಹತ್ತಿರ ಒಂದು ಮಾತು ಆಡಲೇಬೇಕು. ಎಷ್ಟೋ ಸೈಟುಗಳಲ್ಲಿ ಬೀಡಿ ಹಚ್ಚಿದವನಿಗೆ ಮಾತ್ರ ಐದು ನಿಮಿಷ ಕೂರುವ ಹಕ್ಕು. ಬಿಟ್ಟವನು ಕೂತರೆ ಸೋಮಾರಿ. ಸೇದದವರಿಗೂ ಅಷ್ಟೇ ಬಿಡುವು ಸಿಗುವಂತೆ, ಅದನ್ನು ಹೊಗೆಯಿಂದ ದೂರ ಕಳೆಯುವಂತೆ ಮಾಡಿಸಿದರೆ ಅದು ಯಾವ ಗುಳಿಗೆಗೂ ಕಡಿಮೆಯಲ್ಲ. ಒಂದೇ ಶೆಡ್ಡಿನ ಇಬ್ಬರು ಮೂವರನ್ನು ಒಟ್ಟಿಗೆ ಬಿಡಿಸುವುದೂ ಇದೇ ಕಾರಣಕ್ಕೆ.

ಫಾಲೋಅಪ್‌ಗೆ ಆಸ್ಪತ್ರೆಗೆ ಬನ್ನಿ ಎಂದರೆ ಅರ್ಧ ದಿನದ ಕೂಲಿ ಹೋಯಿತು. ನಾವು ಸಂಜೆ ಏಳರ ಮೇಲೆ ಶೆಡ್ಡಿಗೇ ಹೋಗುತ್ತೇವೆ, ಇಲ್ಲವೇ ಬಿಪಿ, ಶುಗರ್, ಟಿಬಿ ಮಾತ್ರೆ ತೆಗೆದುಕೊಳ್ಳುವ ದಿನಕ್ಕೇ ಗಮ್ಮನ್ನೂ ಸೇರಿಸುತ್ತೇವೆ. ಎರಡನೇ ದಿನ, ನಾಲ್ಕನೇ ದಿನ, ಮೊದಲ ಬಟವಾಡೆಯ ಸಂಜೆ ಫೋನ್ ತಪ್ಪಬಾರದು. ಆಮೇಲೆ ತಿಂಗಳವರೆಗೆ ವಾರಕ್ಕೊಮ್ಮೆ. ಓದು ಬಾರದವರಿಗೆ ಎಸ್ಸೆಮ್ಮೆಸ್ ಪ್ರಯೋಜನವಿಲ್ಲ. ಗೊತ್ತಿಲ್ಲದ ನಂಬರ್ ಬಂದರೆ ಸಾಲದವರ ಕರೆಯೆಂದು ಎತ್ತುವುದಿಲ್ಲ, ಹಾಗಾಗಿ ಮೊದಲ ದಿನವೇ ಅವರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಮಾಡಿಕೊಡಬೇಕು. ತಂಬಾಕು ಬಿಡುವವರ ರಾಷ್ಟ್ರೀಯ ಸಹಾಯವಾಣಿ (ಕ್ವಿಟ್‌ಲೈನ್) 1800-11-2356 ಉಚಿತ, ಕರೆನ್ಸಿ ಇಲ್ಲದಿದ್ದರೂ ಹೋಗುತ್ತದೆ. ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೂ ಮಾತಾಡುತ್ತಾರೆ. ನಂಬರ್ ಕೊಟ್ಟು ಸುಮ್ಮನಾಗಬೇಡಿ, ಮೊದಲ ಕರೆ ನಿಮ್ಮೆದುರಿಗೇ ಮಾಡಿಸಿ.

ಉಸಿರಿನ ಕಾರ್ಬನ್ ಮೊನಾಕ್ಸೈಡ್ ಮೀಟರ್ ಇದ್ದರೆ ಒಳ್ಳೆಯದು, ಬಿಟ್ಟ ಒಂದೆರಡು ದಿನದಲ್ಲೇ ಅಂಕಿ ಇಳಿದದ್ದನ್ನು ಕಣ್ಣಾರೆ ನೋಡುತ್ತಾರೆ. ಸೌದೆ ಒಲೆಯ ಹೊಗೆಗೂ ಅಂಕಿ ಏರುತ್ತದೆ, ಅದನ್ನು ಮರೆತು ಯಾರನ್ನೂ ಸುಳ್ಳುಗಾರರನ್ನಾಗಿ ಮಾಡಬೇಡಿ.

ನಡುವೆ ಒಂದು ಬೀಡಿ ಸೇದಿದವರು ಹೆದರಿ ಗಮ್ ನಿಲ್ಲಿಸುತ್ತಾರೆ, ಎರಡೂ ಸೇರಿದರೆ ಹಾರ್ಟ್ ನಿಲ್ಲುತ್ತದೆ ಎಂಬ ಮಾತು ಶೆಡ್ಡುಗಳಲ್ಲಿ ಓಡಾಡುತ್ತದೆ. ಹಾಗಾಗುವುದಿಲ್ಲ. ಸೇದಿದ ದಿನವೂ ಗಮ್ ನಿಲ್ಲಿಸಬಾರದು ಎಂದು ಮೊದಲ ಭೇಟಿಯಲ್ಲೇ ಹೇಳಿ. ಸೇದಿದ್ದು ಯಾವ ಹೊತ್ತಿಗೆ ಎಂದು ಕೇಳಿಕೊಂಡು, ಮರುದಿನದಿಂದ ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಇನ್ನೊಂದು ಗಮ್ ಸೇರಿಸಿ.