ಹಳೆ ಹೋಗಿ ಹಾಳೆ ಆದದ್ದು

ಕಾಸರಗೋಡಿನ ಬದಿಯಡ್ಕದ ಕಡೆ ನಮ್ಮದೊಂದು ಸಣ್ಣ ಕನ್ನಡ ಶಾಲೆ. ಏಳನೇ ಕ್ಲಾಸಿನ ಮಕ್ಕಳ ಸೆಂಡ್‌ಆಫ್‌ಗೆ ಹಾಡು ಬೇಕಿತ್ತು. ಸ್ಕಾಟ್ಲೆಂಡಿನ 'ಆಲ್ಡ್ ಲ್ಯಾಂಗ್ ಸೈನ್' ಹಾಡಿನ ಧಾಟಿ ಹಿಡಿದೆ. ಜಪಾನಿನ ಎಷ್ಟೋ ಶಾಲೆಗಳ ಬೀಳ್ಕೊಡುಗೆಯಲ್ಲಿ ಮಕ್ಕಳು ಹಾಡುತ್ತ ಬಂದದ್ದೂ ಇದೇ ಧಾಟಿಯನ್ನು, ತಮ್ಮ ಭಾಷೆಯ ಮಾತು ಹಾಕಿ.

ಧಾಟಿ ಕಲಿಸಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಅದರಲ್ಲಿರುವುದು ಐದೇ ಸ್ವರ: ಸ ರಿ ಗ ಪ ದ. ಮ, ನಿ ಇಲ್ಲ. ಅಂದ್ರೆ ನಮ್ಮ ಮೋಹನ ರಾಗವೇ, ಅಲ್ವಾ? ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದ ಕುಂಬಳೆ ಸೀಮೆಯ ಕಿವಿಗೆ ಮೋಹನವೇನು ಹೊಸತು!

ತೊಂದರೆ ಕೊಟ್ಟದ್ದು ಮಾತು. 'ಆಲ್ಡ್' ಅಂದರೆ ಹಳೆಯದು. ನಾನೂ ಸುಮ್ನೆ ಅದೇ ಜಾಗದಲ್ಲಿ 'ಹಳೆ ಗೆಳೆತನ' ಎಂದು ಕೂರಿಸಿದೆ. ಅಲ್ಲಿ ಸ್ವರ ಉದ್ದ. ಮಕ್ಕಳು ಎಳೆದರು. ಊಟದ ಕೋಣೆಯಿಂದ ಅಡುಗೆಯ ಅಕ್ಕ ಹೊರಗೆ ಬಂದು ಕೇಳಿದರು: "ಎಂತ ಟೀಚರೇ, ಅಡಿಕೆ ಹಾಳೆಯ ಪದ್ಯವಾ?"

ಹೌದಲ್ಲ! ಇಂಗ್ಲಿಷಿನಲ್ಲಿ ಎಳೆದರೂ ಅರ್ಥ ಕೆಡುವುದಿಲ್ಲ. ಕನ್ನಡದಲ್ಲಿ ಬಳೆ ಎಳೆದರೆ ಬಾಳೆ.

ಎಲ್ಲ ಹೊಡೆದುಹಾಕಿ ಮತ್ತೆ ಕೂತೆ. ಉದ್ದ ಸ್ವರಕ್ಕೆ ಗುರು, ಗಿಡ್ಡಕ್ಕೆ ಲಘು. ಇನ್ನೂ ಒಂದು ತೊಡಕಿತ್ತು. ಧಾಟಿಯ ಮೊದಲ ಸ್ವರ, ಕೆಳಗಿನ ಪ, ತಾಳ ಬೀಳುವ ಮೊದಲೇ ಬರುತ್ತದೆ. ನಮ್ಮ ಶಬ್ದಗಳಿಗೋ ಮೊದಲ ಅಕ್ಷರದಲ್ಲೇ ತೂಕ. ಅಲ್ಲಿ ಏನಿಟ್ಟರೂ ಎಡವಿದ ಹಾಗೆ ಕೇಳುತ್ತಿತ್ತು. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವ ಹೆಂಗಸರ ತುಳು ಹಾಡು 'ಓ ಬೇಲೆ' ನೆನಪಾಯಿತು. ಕೂಗಿ ಕರೆಯುವ ಆ 'ಓ'ವನ್ನೇ ಎತ್ತಿ ಇಟ್ಟೆ:

ಓ, ತೋಡು ದಾಟಿ ಕೂಡಿ ಬಂದ ದಾರಿ ಕಾದಿದೆ

ಕೂತಿತು. (ತೋಡು ಅಂದರೆ ನಮ್ಮ ಕಡೆ ಸಣ್ಣ ಹಳ್ಳ.) ಹಾಡಿ ನೋಡಿ, ಸಾಲಿನ ಕೊನೆಯ 'ದೆ' ಬಿಟ್ಟರೆ ಎಲ್ಲೂ ಎಳೆಯಬೇಕಾಗಿಲ್ಲ.

"ಪರದೇಶದ ಧಾಟಿ ಯಾಕೆ?" ಎಂದು ಸ್ಟಾಫ್‌ರೂಮಿನಲ್ಲಿ ಒಬ್ಬರು ಮುಖ ಸಿಂಡರಿಸಿದರು. ಕರ್ನಾಟಕ ಸಂಗೀತದ ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತದಲ್ಲಿ ನೊಟ್ಟುಸ್ವರ ಎಂಬ ಹಾಡುಗಳನ್ನು ಕಟ್ಟಿದ್ದಾರೆ, 'ಗಾಡ್ ಸೇವ್ ದ ಕಿಂಗ್' ಸಹಿತ. ಟಾಗೋರರು ಈ ಸ್ಕಾಟಿಷ್ ಧಾಟಿಗೇ ಬಂಗಾಳಿ ಹಾಡು ಬರೆದಿದ್ದಾರೆ. ಅಷ್ಟೇಕೆ, 1788ರಲ್ಲಿ ಇದರ ಮಾತು ಬರೆದು ಕಳಿಸಿದ ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್ ಕೂಡ ಒಬ್ಬ ಮುದುಕ ಹಾಡಿದ್ದನ್ನು ಬರೆದುಕೊಂಡೆ ಎಂದೇ ಹೇಳಿದ್ದ. ಈಗಿನ ಧಾಟಿ ಆ ಮಾತಿಗೆ ಅಂಟಿದ್ದು ಆಮೇಲೆ. ಇಷ್ಟೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ಸೆಂಡ್‌ಆಫ್ ದಿನ ಹಾರ್ಮೋನಿಯಂ ಹಿಡಿದವರು ಅವರೇ.

ಅಡುಗೆಯ ಅಕ್ಕನಿಗೂ ಹಾಡು ಬಾಯಿಪಾಠವಾಗಿದೆ. ನಾನು ಹತ್ತಿರ ಹೋದರೆ ಮಾತ್ರ, ಬೇಕೆಂದೇ, 'ಹಾಳೆ ಗೆಳೆತನ' ಎಂದು ಶುರು ಮಾಡುತ್ತಾರೆ.