ಶಿರಸಿಯ ಮಳೆ, ಹಿಮಾಲಯದ ಚಳಿ: ನಾನು ಡೌನ್ ಸ್ಲೀಪಿಂಗ್ ಬ್ಯಾಗ್ ಆರಿಸಿದ್ದು

ಡೌನ್ ಸ್ಲೀಪಿಂಗ್ ಬ್ಯಾಗ್, ಅಂದರೆ ಹಕ್ಕಿಯ ತುಪ್ಪುಳ ತುಂಬಿದ ಮಲಗುವ ಚೀಲ, ತಗೊಳ್ಳೋಣ ಅಂತಿದ್ದೇನೆ ಎಂದು ನಮ್ಮ ಕಡೆಯವರು ಯಾರಾದರೂ ಹೇಳಿದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಎಲ್ಲಿ ಮಲಗ್ತೀರಿ? ವಾಪಸ್ ಬಂದ ಮೇಲೆ ಎಲ್ಲಿ ಇಡ್ತೀರಿ? ಮೊದಲನೆಯದಕ್ಕೆ ಎಲ್ಲರ ಹತ್ತಿರ ಉತ್ತರ ಇರುತ್ತದೆ. ಎರಡನೆಯದನ್ನು ಯಾರೂ ಯೋಚಿಸಿರುವುದಿಲ್ಲ. ಆದರೆ ಶಿರಸಿ, ಕುಮಟಾ, ಕಾರವಾರದಲ್ಲಿ ಇರುವವರಿಗೆ ಅದೇ ದೊಡ್ಡದು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಡೌನ್‌ಗೆ ಆಗದೇ ಇರುವುದೂ ಆ ತೇವವೇ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಜಿಲ್ಲೆಯೊಳಗೆ ತಿರುಗಾಡಲು ಇದು ಬೇಡ. ಡಿಸೆಂಬರ್ ರಾತ್ರಿ ಶಿರಸಿಯ ತೋಟದ ಮನೆಗಳಲ್ಲಿ ಒಳ್ಳೆ ಚಳಿಯೇ ಇರುತ್ತದೆ, ಆದರೂ ಒಂದು ಕಂಬಳಿಗೆ ಅದು ಹೋಗುತ್ತದೆ. ಕುಮಟಾದಿಂದ ಗೋಕರ್ಣಕ್ಕೆ ಸಮುದ್ರದ ದಂಡೆ ಹಿಡಿದು ನಡೆಯುವವರಿಗೆ ತೆಳು ಚಾದರ ಸಾಕು. ನಾನು ಬ್ಯಾಗ್ ಕೊಂಡಿದ್ದು ಹಿಮಾಲಯದ ಚಳಿಗಾಲಕ್ಕೆ. ಉತ್ತರಾಖಂಡದ ಕೇದಾರಕಂಠ 3,810 ಮೀಟರ್ ಎತ್ತರ. ಅದರ ಕೆಳಗಿನ ಹಿಮದ ಕ್ಯಾಂಪುಗಳಲ್ಲಿ ಡಿಸೆಂಬರ್ ಕೊನೆಗೆ ರಾತ್ರಿ ಮೈನಸ್ 8, ಮೈನಸ್ 10ಕ್ಕೆ ಇಳಿಯುವುದು ಮಾಮೂಲಿ. ಟ್ರೆಕ್ಕಿಂಗ್ ಕಂಪನಿ ಜೊತೆ ಹೋದರೆ ಬ್ಯಾಗ್ ಅವರೇ ಕೊಡುತ್ತಾರೆ. ಯಾವಾಗಲೋ ಒಮ್ಮೆ ಹಾಗೆ ಹೋಗುವವರು ಸುಮ್ನೆ ದುಡ್ಡು ಹಾಕಬೇಡಿ. ಒಳ್ಳೆ ಚಳಿಗಾಲದ ಡೌನ್ ಬ್ಯಾಗ್ 20 ಸಾವಿರ ರೂಪಾಯಿ ದಾಟುತ್ತದೆ. ನಾನು ಗೆಳತಿಯರ ಜೊತೆ ನಮ್ಮ ಟೆಂಟ್ ನಾವೇ ಹೊತ್ತು ಹೋಗುವವಳು. ಅಷ್ಟೇ ಬೆಚ್ಚಗಿರುವ, ಕೃತಕ ನಾರು ತುಂಬಿದ ಸಿಂಥೆಟಿಕ್ ಬ್ಯಾಗ್ ಎರಡು ಕಿಲೋ ಹತ್ತಿರ ತೂಗುತ್ತದೆ, ಬೆನ್ನಚೀಲದ ಅರ್ಧ ಜಾಗವನ್ನೂ ತಿನ್ನುತ್ತದೆ. ಹಾಗಾಗಿ ಡೌನ್.

ಆರಿಸುವಾಗ ಬ್ಯಾಗಿನ ಮೇಲೆ ದಪ್ಪ ಅಕ್ಷರದಲ್ಲಿರುವ ಡಿಗ್ರಿಯನ್ನು ನಂಬಲಿಲ್ಲ, ಒಳಗಿನ ಚೀಟಿ ಹುಡುಕಿದೆ. ಐಎಸ್‌ಒ 23537 ಅಂತ ಒಂದು ಪರೀಕ್ಷೆ ಇದೆ. 2016ಕ್ಕೆ ಮೊದಲು ಇದ್ದದ್ದು ಯುರೋಪಿನ ಇಎನ್ 13537. ಮೈ ಬಿಸಿ ಇರುವ ಗೊಂಬೆಗೆ ತೆಳು ಬಟ್ಟೆ, ಕಾಲುಚೀಲ ಹಾಕಿ, ಬ್ಯಾಗಿನೊಳಗೆ ಮ್ಯಾಟ್ ಮೇಲೆ ಮಲಗಿಸಿ, ಥಂಡಿ ಕೋಣೆಯಲ್ಲಿಟ್ಟು ಅಳೆಯುತ್ತಾರೆ. ಮುಖ್ಯವಾಗಿ ಮೂರು ಅಂಕಿ ನೋಡಬೇಕು. ಕಂಫರ್ಟ್ ಅಂದರೆ ಸಾಧಾರಣ ಮೈಕಟ್ಟಿನ ಹೆಂಗಸು ಆರಾಮಾಗಿ ಮಲಗಬಹುದಾದ ಚಳಿ. ಲಿಮಿಟ್ ಅಂದರೆ ಗಂಡಸು ಮುದುಡಿಕೊಂಡು ರಾತ್ರಿ ಕಳೆಯಬಹುದಾದ ಚಳಿ. ಎಕ್ಸ್‌ಟ್ರೀಮ್ ಅಂದರೆ ಆರು ಗಂಟೆ ಜೀವ ಹಿಡಿದುಕೊಂಡಿರಬಹುದು, ಅಷ್ಟೇ. ಒಂದು ಅಂಗಡಿಯಲ್ಲಿ ನನಗೆ ಈ ಮೂರನೆಯದನ್ನೇ ತೋರಿಸಿ ‘ಇದು ಮೈನಸ್ 25ರ ಬ್ಯಾಗು ಮೇಡಂ’ ಅಂದರು. ಚೀಟಿಯಲ್ಲಿ ಕಂಫರ್ಟ್ ಮೈನಸ್ 2 ಅಂತ ಇತ್ತು. ಅದನ್ನು ನಂಬಿ ಹಿಮದಲ್ಲಿ ಮಲಗಿದರೆ ಗತಿ ಏನು?

ನನಗೆ ಚಳಿ ಬೇಗ ತಾಗುತ್ತದೆ. ಅದಕ್ಕೆ ಕಂಫರ್ಟ್ ಒಂದನ್ನೇ ನೋಡಿ ಕೊಂಡೆ. ನನ್ನದು ಕಂಫರ್ಟ್ ಮೈನಸ್ 6, ಲಿಮಿಟ್ ಮೈನಸ್ 13. ಇನ್ನುಳಿದ ಮೂರು-ನಾಲ್ಕು ಡಿಗ್ರಿಯನ್ನು ಥರ್ಮಲ್, ಫ್ಲೀಸ್, ಉಣ್ಣೆ ಟೊಪ್ಪಿ ನೋಡಿಕೊಳ್ಳುತ್ತವೆ. ಮೈನಸ್ 15 ಕಂಫರ್ಟ್‌ನದೇ ತಗೋ ಅಂದವರೂ ಇದ್ದರು. ತೂಕ, ಬೆಲೆ ಎರಡೂ ಎಲ್ಲಿಗೋ ಹೋಗುತ್ತವೆ, ಬೇಡ ಅಂದೆ.

ಇನ್ನು ಒಳಗಿನ ಡೌನ್. ಬಾತು, ಹೆಬ್ಬಾತುಗಳ ಎದೆಯ ಹತ್ತಿರ ಗರಿಯ ಕೆಳಗಿರುವ ಮೆತ್ತನೆ ತುಪ್ಪುಳ ಇದು. ತುಪ್ಪುಳದ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಬಿಸಿ ಹೊರಗೆ ಹೋಗದ ಹಾಗೆ ತಡೆಯುತ್ತದೆ. 650, 750, 800 ಅಂತ ಬರೆದಿರುವುದು ಫಿಲ್ ಪವರ್. ಒಂದು ಔನ್ಸ್, ಅಂದರೆ 28 ಗ್ರಾಂ ಡೌನ್ ಎಷ್ಟು ಘನ ಇಂಚು ಜಾಗಕ್ಕೆ ಉಬ್ಬುತ್ತದೆ ಅನ್ನುವ ಲೆಕ್ಕ. 800ರ ಡೌನ್ ಆದರೆ ಆ 28 ಗ್ರಾಂ ಸುಮಾರು 13 ಲೀಟರ್ ಜಾಗ ತುಂಬುತ್ತದೆ. ಆದರೆ ಜಾಸ್ತಿ ಜನ ಇದೊಂದನ್ನೇ ನೋಡುತ್ತಾರೆ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅಂತಲೂ ಕೇಳಬೇಕು ಅಲ್ವಾ? 300 ಗ್ರಾಂ ತುಂಬಿದ 800ರ ಬ್ಯಾಗಿಗಿಂತ 700 ಗ್ರಾಂ ತುಂಬಿದ 650ರ ಬ್ಯಾಗ್ ಬೆಚ್ಚಗಿರುತ್ತದೆ, ಭಾರವೂ ಇರುತ್ತದೆ. ನನ್ನದು 750ರ ಡೌನ್, 700 ಗ್ರಾಂ. ಬಟ್ಟೆ, ಜಿಪ್ ಎಲ್ಲಾ ಸೇರಿ ಒಂದು ಕಿಲೋ ಇನ್ನೂರು ಗ್ರಾಂ.

ಹಕ್ಕಿಯ ತುಪ್ಪುಳ ಅಂದಾಗ ಆಯಿಗೆ ಬೇಸರವಾಯಿತು. ನನಗೂ ಆ ಪ್ರಶ್ನೆ ಇತ್ತು. ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಅನ್ನುವ ಪ್ರಮಾಣಪತ್ರ 2014ರಿಂದ ಇದೆ. ಜೀವ ಇರುವಾಗಲೇ ತುಪ್ಪುಳ ಕೀಳಬಾರದು, ಬಾಯಿಗೆ ತುರುಕಿ ತಿನ್ನಿಸಬಾರದು ಅನ್ನುವುದು ಅದರ ನಿಯಮ. ಆ ಗುರುತು ಇರುವುದನ್ನೇ ತಗೊಂಡೆ. ಹಾಗಿದ್ದರೂ ಆ ಹಕ್ಕಿಗಳನ್ನು ಮಾಂಸಕ್ಕೆ ಸಾಕಿದ್ದು ಅನ್ನುವುದು ಬದಲಾಗುವುದಿಲ್ಲ. ಅದು ಮನಸ್ಸಿಗೆ ಒಪ್ಪದವರು ಸಿಂಥೆಟಿಕ್‌ನ ಭಾರ ಹೊರುವುದೇ ಸರಿ.

ಅಂಗಡಿಯಲ್ಲಿ ಬ್ಯಾಗನ್ನು ಚೀಲದಿಂದ ಹೊರಗೆ ತೆಗೆಸಿ ನೆಲದ ಮೇಲೆ ಹಾಸಿ ಅಂದೆ. ಹತ್ತು-ಹದಿನೈದು ನಿಮಿಷ ಸುಮ್ಮನೆ ಬಿಡಬೇಕು. ಮೊದಲು ಸುಕ್ಕುಸುಕ್ಕಾಗಿ ಚಪ್ಪಟೆ ಇರುತ್ತದೆ, ಆಮೇಲೆ ನೋಡನೋಡುತ್ತ ಏಳುತ್ತದೆ. ಅಂಗೈಯಲ್ಲಿ ಒತ್ತಿ ಬಿಟ್ಟರೆ ಕೂಡಲೇ ಮೇಲೆ ಬರಬೇಕು. ಬಳಿಕ ಹೊಲಿಗೆ ಇರುವಲ್ಲಿ ಎರಡು ಬೆರಳಲ್ಲಿ ಹಿಸುಕಿ ನೋಡಿದೆ. ಕೆಲವು ಬ್ಯಾಗುಗಳಲ್ಲಿ ಹೊರಬಟ್ಟೆ, ಒಳಬಟ್ಟೆ ಎರಡನ್ನೂ ಸೇರಿಸಿ ಒಂದೇ ಹೊಲಿಗೆ ಹಾಕಿರುತ್ತಾರೆ. ಆ ಗೆರೆಯಲ್ಲಿ ಡೌನೇ ಇರುವುದಿಲ್ಲ, ಚಳಿ ಸೀದಾ ಒಳಗೆ ಬರುತ್ತದೆ. ಬೇಸಿಗೆ ಬ್ಯಾಗಿಗೆ ಅದು ನಡೆದೀತು. ಚಳಿಗಾಲದ್ದಕ್ಕೆ ಎರಡು ಬಟ್ಟೆಯ ನಡುವೆ ತೆಳು ಜಾಲರಿಯ ಗೋಡೆ ಕೊಟ್ಟು ಖಾನೆ ಮಾಡಿರಬೇಕು. ಬೆಳಕಿಗೆ ಎತ್ತಿ ಹಿಡಿದು ಯಾವುದಾದರೂ ಖಾನೆ ಖಾಲಿ ಇದೆಯಾ ನೋಡಿದೆ. ಜಿಪ್ಪಿನ ಉದ್ದಕ್ಕೂ ಒಳಗಿನಿಂದ ಡೌನ್ ತುಂಬಿದ ಪಟ್ಟಿ, ಕುತ್ತಿಗೆಯ ಸುತ್ತ ಬಿಗಿಯಾಗುವ ಕಾಲರ್, ತಲೆಗೆ ಹುಡ್ ಇವು ಇಲ್ಲದಿದ್ದರೆ ಬೇಡವೇ ಬೇಡ. ಕಡೆಗೆ ಒಳಗೆ ಹೊಕ್ಕು ಮಲಗಿದೆ. ಪಾದ ತುದಿಗೆ ಒತ್ತಬಾರದು, ಅಂಗೈಯಗಲಕ್ಕಿಂತ ಜಾಸ್ತಿ ಖಾಲಿಯೂ ಉಳಿಯಬಾರದು. ಖಾಲಿ ಜಾಗವನ್ನೂ ನಮ್ಮ ಮೈಯೇ ಬಿಸಿ ಮಾಡಬೇಕಾಗುತ್ತದೆ.

ಮ್ಯಾಟ್ ಬಗ್ಗೆ ಚಿಕ್ಕದಾಗಿ. ಮೈಕೆಳಗೆ ಒತ್ತಿಹೋದ ಡೌನ್ ಏನೂ ಕೆಲಸ ಮಾಡುವುದಿಲ್ಲ. ಹಿಮದ ಮೇಲೆ ಮಲಗಲು ಮ್ಯಾಟಿನ ಆರ್-ವ್ಯಾಲ್ಯೂ, ಅಂದರೆ ನೆಲದ ಥಂಡಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, ನಾಲ್ಕು-ಐದಾದರೂ ಬೇಕು. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಅಂಕಿಗಳು ಕೂಡಿಕೊಳ್ಳುತ್ತವೆ. ನಾನು ಅಗ್ಗದ ಫೋಮ್ ಮ್ಯಾಟ್ ಮೇಲೆ ಗಾಳಿ ತುಂಬುವ ಮ್ಯಾಟ್ ಹಾಕುತ್ತೇನೆ.

ತೇವದ ವಿಷಯ ನಮ್ಮವರಿಗೆ ಬೇರೆಯಾಗಿ ಹೇಳಬೇಕು. ನಮಗೆ ಗೊತ್ತಿರುವುದು ಕಂಬಳಿ. ಕಂಬಳಿಕೊಪ್ಪೆ ಹೊದ್ದು ಗದ್ದೆಯಲ್ಲಿ ನಿಂತವರಿಗೆ ಅದು ಒದ್ದೆಯಾದರೂ ಒಳಗೆ ಬೆಚ್ಚಗಿರುತ್ತದೆ. ಡೌನ್ ಹಾಗಲ್ಲ. ಒದ್ದೆಯಾದರೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ, ಗಾಳಿ ಹೋದಮೇಲೆ ಬಿಸಿಯೂ ಹೋಯಿತು. ಹಿಮದಲ್ಲಿ ಮಳೆ ಇಲ್ಲವಲ್ಲ ಅನ್ನಬೇಡಿ. ರಾತ್ರಿಯಿಡೀ ಮೈಯಿಂದ ಹೊರಡುವ ತೇವ ಡೌನಿನಲ್ಲೇ ಸೇರುತ್ತದೆ, ಉಸಿರೂ ಸೇರುತ್ತದೆ. ಎಷ್ಟೇ ಚಳಿ ಇದ್ದರೂ ನಾನು ಮೂಗು ಬಾಯಿ ಹುಡ್‌ನಿಂದ ಹೊರಗೇ ಇಡುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಬ್ಯಾಗಿನೊಳಗಿನ ಗಾಳಿ ಒತ್ತಿ ತೆಗೆಯುತ್ತೇನೆ. ಬಿಸಿಲು ಬಂದಮೇಲೆ ಟೆಂಟಿನ ಮೇಲೆ ಹರವುತ್ತೇನೆ. ನೀರು ಹತ್ತದ ಹಾಗೆ ಔಷಧ ಹಾಕಿದ ಡೌನ್ ಈಗ ಸಿಗುತ್ತದೆ. ನನ್ನ ಬ್ಯಾಗಿನಲ್ಲಿರುವುದೂ ಅದೇ. ತೇವ ತಡೆಯಲು ಸ್ವಲ್ಪ ಹೊತ್ತು ಸಿಗುತ್ತದೆ, ಪೂರ್ತಿ ಭರವಸೆ ಇಡುವ ಹಾಗಿಲ್ಲ.

ಮನೆಯಲ್ಲಿ ಅದನ್ನು ಒತ್ತಿ ತುಂಬುವ ಚಿಕ್ಕ ಚೀಲದಲ್ಲಿ ಇಡುವುದೇ ಇಲ್ಲ. ತಿಂಗಳುಗಟ್ಟಲೆ ಒತ್ತಿಟ್ಟರೆ ಡೌನಿನ ಉಬ್ಬು ಕಡಿಮೆಯಾಗುತ್ತದೆ. ಆಯಿಯ ಹಳೆ ಹತ್ತಿ ಸೀರೆಯಲ್ಲಿ ದೊಡ್ಡ ಚೀಲ ಹೊಲಿಸಿ, ಅದರೊಳಗೆ ಸಡಿಲವಾಗಿ ಹಾಕಿದ್ದೇನೆ. ಮಳೆಗಾಲದಲ್ಲಿ ಅದು ಮಾಡಿನ ಹತ್ತಿರದ ಅಟ್ಟದಲ್ಲಿ ಇರುವುದಿಲ್ಲ, ಗೋಡೆಗೆ ತಾಗಿಯೂ ಇರುವುದಿಲ್ಲ. ನಡುಮನೆಯ ಕಪಾಟಿನ ಮೇಲಿನ ಖಾನೆಯಲ್ಲಿ, ಪಕ್ಕಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು. ಮಳೆ ಹೊಳವಾದ ದಿನ ಹೊರಗೆ ತೆಗೆದು ಫ್ಯಾನ್ ಕೆಳಗೆ ಹರವುತ್ತೇನೆ. ಬಚ್ಚಲೊಲೆಯ ಮೇಲೆ, ಅಡಿಕೆ ಡ್ರೈಯರ್ ಹತ್ತಿರ ಒಣಗಿಸು ಅಂತ ಮನೆಯಲ್ಲಿ ಹೇಳುತ್ತಾರೆ. ನೈಲಾನ್ ಬಟ್ಟೆ ಆ ಶಾಖ ತಡೆಯಲಿಕ್ಕಿಲ್ಲ, ಹೊಗೆಯ ವಾಸನೆಯೂ ಹೋಗುವುದಿಲ್ಲ. ಡಾಂಬರು ಗುಳಿಗೆಯನ್ನೂ ಹಾಕುವುದಿಲ್ಲ. ಆ ವಾಸನೆಯೊಳಗೆ ರಾತ್ರಿಯಿಡೀ ಮಲಗುವವರು ನಾವೇ ತಾನೇ?

ತೊಳೆಯುವುದು ತೀರಾ ಅಪರೂಪ. ತೊಳೆಯಲೇಬೇಕಾದರೆ ಫೆಬ್ರವರಿ, ಮಾರ್ಚ್‌ನ ಒಣ ಹವೆಗೆ ಕಾಯುತ್ತೇನೆ. ಬಟ್ಟೆ ಸೋಪಿನ ಪುಡಿ ಡೌನಿನ ಎಣ್ಣೆ ಅಂಶವನ್ನೇ ತೆಗೆದುಬಿಡುತ್ತದೆ, ಡೌನ್‌ಗೆಂದೇ ಬರುವ ದ್ರಾವಣ ಬೇಕು. ಟಬ್ಬಿನಲ್ಲಿ ಕೈಯಿಂದ ಮೆಲ್ಲಗೆ ಒತ್ತಿ ತೊಳೆದು, ಎತ್ತುವಾಗ ಎರಡೂ ಕೈ ಅಡಿಗೆ ಕೊಡಬೇಕು. ಒಂದು ತುದಿ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಒಳಗಿನ ಜಾಲರಿ ಹರಿಯುತ್ತದೆ. ನೆರಳಿನಲ್ಲಿ ಹಾಸಿ, ಆಗಾಗ ಗಂಟುಗಳನ್ನು ಬೆರಳಲ್ಲಿ ಬಿಡಿಸುತ್ತಾ ಇರುತ್ತೇನೆ. ಹೊರಗೆ ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಖಾನೆಯೊಳಗೆ ಸಣ್ಣ ಗಂಟು ಬೆರಳಿಗೆ ಸಿಗುತ್ತಿದೆ ಅಂದರೆ ಇನ್ನೂ ಒದ್ದೆ ಇದೆ ಅಂತಲೇ ಲೆಕ್ಕ, ಮರುದಿನವೂ ಹಾಸಬೇಕು.