ಮೆಟೀರಿಯಲ್ಸ್ ಎಂಜಿನಿಯರಿಂಗ್ ಓದಲು ಹೊರಟವರಿಗೆ

ಕಾಸಿದ ಕುಡುಗೋಲನ್ನು ಕಮ್ಮಾರನು ನೀರಿಗೆ ಅದ್ದುವುದೇಕೆ, ಅದ್ದಿದ ಮೇಲೆ ಮತ್ತೆ ಹದವಾಗಿ ಬಿಸಿ ಮಾಡುವುದೇಕೆ ಎಂಬ ಪ್ರಶ್ನೆ ನಿಮ್ಮನ್ನು ಕಾಡಿದ್ದರೆ ಈ ವಿಷಯ ನಿಮಗೆ ಒಗ್ಗುತ್ತದೆ. ಶೇಕಡ 0.8ರಷ್ಟು ಇಂಗಾಲವಿರುವ ಉಕ್ಕನ್ನು 727 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಕ್ಕೆ ಕಾಸಿ ಕುಲುಮೆಯೊಳಗೇ ಆರಲು ಬಿಟ್ಟರೆ ಪರ್ಲೈಟ್ ಎಂಬ ಪದರಪದರವಾದ ರಚನೆ ಮೂಡುತ್ತದೆ. ಅದನ್ನೇ ಥಟ್ಟನೆ ನೀರಿಗೆ ಅದ್ದಿದರೆ ಗಡುಸಾದ, ಆದರೆ ಪೆಟ್ಟು ಬಿದ್ದರೆ ಸೀಳುವ ಮಾರ್ಟೆನ್ಸೈಟ್ ಎಂಬ ರಚನೆ ಆಗುತ್ತದೆ. ಬೆರಕೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ಗಡಸುತನ ಮೂರು ಪಟ್ಟಿಗೂ ಮಿಗಿಲಾಗುತ್ತದೆ. ಸಂಸ್ಕರಣೆಯಿಂದ ಒಳರಚನೆ, ಒಳರಚನೆಯಿಂದ ಗುಣ ಎಂಬ ಈ ನಂಟು ಲೋಹಕ್ಕಷ್ಟೇ ಅಲ್ಲ, ಸೆರಾಮಿಕ್, ಪಾಲಿಮರ್, ಅರೆವಾಹಕಗಳಿಗೂ ಅನ್ವಯಿಸುತ್ತದೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯಲ್ಲಿ ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್ ಎಂಜಿನಿಯರಿಂಗ್ ಬಿ.ಟೆಕ್. ಇದ್ದು, ಪ್ರವೇಶ ದೊರೆಯುವುದು ಜೆಇಇ ಮೇನ್ ಮೂಲಕ. ಸಿಇಟಿ ರ‍್ಯಾಂಕ್ ಹಿಡಿದು ಇಲ್ಲಿ ಕಾಯುವುದು ವ್ಯರ್ಥ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟುಗಳು ತವರು ರಾಜ್ಯದವರಿಗೆ ಮೀಸಲಿರುವುದು ನಮ್ಮ ಮಕ್ಕಳಿಗೆ ಅನುಕೂಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಭಾಗ 1945ರಲ್ಲಿ ಲೋಹಶಾಸ್ತ್ರ ವಿಭಾಗವಾಗಿ ಆರಂಭವಾಯಿತು; ಸಂಶೋಧನೆಯತ್ತ ಒಲವಿರುವವರು ಅಲ್ಲಿನ ನಾಲ್ಕು ವರ್ಷದ ಬಿ.ಎಸ್. ಸೇರಿ ಮೆಟೀರಿಯಲ್ಸ್ ಅನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳಬಹುದು. ಇವೆರಡೂ ಕೈತಪ್ಪಿದರೆ ಊರಿನ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ, ಆಮೇಲೆ ಗೇಟ್ ಪರೀಕ್ಷೆಯ ಮೆಟಲರ್ಜಿ ಪತ್ರಿಕೆಯನ್ನೋ, ಮೆಟೀರಿಯಲ್ಸ್ ಸೈನ್ಸ್ ಭಾಗವಿರುವ ಎಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯನ್ನೋ ಬರೆದು ಎಂ.ಟೆಕ್.ಗೆ ಬರುವ ದಾರಿ ತೆರೆದೇ ಇದೆ. ಪದವಿಯ ಹೆಸರಿಗಿಂತ ಪ್ರಯೋಗಾಲಯದಲ್ಲಿ ಕಳೆದ ಗಂಟೆಗಳೇ ಹೆಚ್ಚು ಬೆಲೆಯುಳ್ಳವು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಎರಡನೆಯ ವರ್ಷದಲ್ಲೇ ಉಕ್ಕಿನ ತುಂಡೊಂದನ್ನು ಸೂಕ್ಷ್ಮದರ್ಶಕಕ್ಕೆ ಸ್ವತಃ ಸಿದ್ಧಪಡಿಸುವುದನ್ನು ಕಲಿಯಿರಿ. ಒರಟು ಎಮರಿ ಕಾಗದದಿಂದ ನಯವಾದುದಕ್ಕೆ ಒಂದೊಂದೇ ಮೆಟ್ಟಿಲು ಸಾಗುತ್ತ, ಪ್ರತಿ ಸಲವೂ ತುಂಡನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೀರುಗಳು ಪೂರ್ತಿ ಅಳಿಯುವವರೆಗೆ ಉಜ್ಜಬೇಕು. ಬಳಿಕ ಬಟ್ಟೆಯ ಚಕ್ರದ ಮೇಲೆ ಕನ್ನಡಿಯಂತೆ ಹೊಳಪು ಕೊಟ್ಟು, ಒಳರಚನೆ ಎದ್ದು ಕಾಣಲೆಂದು ಆಲ್ಕೋಹಾಲಿನಲ್ಲಿ ಶೇಕಡ 2ರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ನೈಟಾಲ್‌ನಲ್ಲಿ ಕೆಲವೇ ಸೆಕೆಂಡು ಅದ್ದಿ ತೊಳೆಯಬೇಕು. ಆಮ್ಲದ ಕೆಲಸಕ್ಕೆ ಕೈಗವಸು, ಕನ್ನಡಕ ಕಡ್ಡಾಯ. ಸೆಕೆಂಡು ಹೆಚ್ಚಾದರೆ ಮೇಲ್ಮೈ ಕಪ್ಪಾಗಿ, ಮತ್ತೆ ಉಜ್ಜುವುದರಿಂದಲೇ ಶುರು. ಬೇಸರದ ಕೆಲಸವೇ ಸರಿ, ಆದರೆ ಅರೆಬರೆ ಉಜ್ಜಿದ ತುಂಡಿನಲ್ಲಿ ಗೀರನ್ನೇ ಬಿರುಕೆಂದು ಓದಿ ಮೋಸಹೋಗುವವರು ಬಹಳ. ಇದರ ಜೊತೆಗೆ ಯಾವ ಬೆರಕೆ ಯಾವ ಉಷ್ಣತೆಯಲ್ಲಿ ಯಾವ ರೂಪದಲ್ಲಿರುತ್ತದೆ ಎಂದು ತೋರಿಸುವ ಫೇಸ್ ಡಯಾಗ್ರಮ್ ಓದುವುದು, ಥರ್ಮೊಡೈನಮಿಕ್ಸ್, ಪರಮಾಣುಗಳ ಜೋಡಣೆಯನ್ನು ಎಕ್ಸ್-ರೇಯಿಂದ ಅರಿಯುವ ಎಕ್ಸ್-ರೇ ಡಿಫ್ರಾಕ್ಷನ್ ಗಟ್ಟಿಯಾಗಬೇಕು. ಮಾಪನದ ದತ್ತಾಂಶ ಬಿಡಿಸಿ ನೋಡುವಷ್ಟು ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಸಾಕು. ತರಗತಿಯ ಪಾಠ ಸಾಲದಿದ್ದರೆ ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳನ್ನು ಉಚಿತವಾಗಿ ನೋಡಬಹುದು.

ಬೇಸಿಗೆ ರಜೆಯನ್ನು ವ್ಯರ್ಥ ಮಾಡಬೇಡಿ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಹಾಗೂ ವಿಜ್ಞಾನ ಅಕಾಡೆಮಿಗಳು ವಿದ್ಯಾರ್ಥಿಗಳಿಗೆ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಅರ್ಜಿಯ ಅವಧಿ ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ ಮುಗಿಯುವುದರಿಂದ ದಸರಾ ಕಳೆಯುತ್ತಲೇ ವಿಚಾರಿಸಲು ತೊಡಗಿರಿ.

ಉದ್ಯೋಗದಲ್ಲಿ ದಾರಿಗಳು ಬೇರೆಬೇರೆ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗೆ ಬಿ.ಟೆಕ್. ಸಾಕು, ಆದರೆ ಪಾಳಿಯ ದುಡಿಮೆಗೆ ಮೈ ಒಗ್ಗಬೇಕು. ಬೆಂಗಳೂರಿನ ಎಚ್‌ಎಎಲ್‌ನ ಫೌಂಡ್ರಿ ಮತ್ತು ಫೋರ್ಜ್ ವಿಭಾಗ, ವಿಶೇಷ ಮಿಶ್ರಲೋಹಗಳನ್ನು ತಯಾರಿಸುವ ಹೈದರಾಬಾದಿನ ಮಿಧಾನಿ ಕೂಡ ಲೋಹತಜ್ಞರ ನೆಲೆಗಳು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ (ಡಿಎಂಆರ್‌ಎಲ್), ಕಲ್ಪಾಕ್ಕಂನ ಅಣುಶಕ್ತಿ ಸಂಶೋಧನಾ ಕೇಂದ್ರದ ಕಡೆಗೆ ಕಣ್ಣಿಟ್ಟವರು ಎಂ.ಟೆಕ್. ಇಲ್ಲವೇ ಪಿಎಚ್.ಡಿ.ಗೆ ಮನಸ್ಸು ಮಾಡಿಕೊಂಡೇ ಹೊರಡುವುದು ಒಳ್ಳೆಯದು. ಸಹಪಾಠಿಗಳು ಸಾಫ್ಟ್‌ವೇರಿಗೆ ಹಾರುವುದನ್ನು ಕಂಡು ಮನಸ್ಸು ಡೋಲಾಯಮಾನವಾಗುವುದು ಸಹಜ. ಆ ತೀರ್ಮಾನವನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಮುಗಿಯುವವರೆಗಾದರೂ ಮುಂದೂಡಿ. ಸಂದರ್ಶನಕ್ಕೆ ಹೋಗುವಾಗ ನೀವೇ ತೆಗೆದ ಒಂದೆರಡು ಸೂಕ್ಷ್ಮಚಿತ್ರಗಳನ್ನು, ಅಳತೆಯ ಗೆರೆ ಅಳಿಸಿಹೋಗದಂತೆ ಮುದ್ರಿಸಿ ಜೊತೆಗಿಟ್ಟುಕೊಳ್ಳಿ, ಮತ್ತು ಆ ತುಂಡನ್ನು ಎಷ್ಟು ಕಾಸಿ ಹೇಗೆ ತಣಿಸಿದಿರಿ ಎಂಬುದನ್ನು ನೋಟ್‌ಬುಕ್ ನೋಡದೆ ಹೇಳಲು ಸಿದ್ಧರಾಗಿರಿ.